ಸಣ್ಣ ಪಿಕಪ್ಪೋ, ಕುಟುಂಬದ ಎಸ್‌ಯುವಿಯೋ? ನಡುವಿನ ಗೋಡೆಯಿಂದ ಆರಂಭಿಸಿ

ಗೊಬ್ಬರದ ಚೀಲ ಎಸ್‌ಯುವಿಯ ಡಿಕ್ಕಿಯಲ್ಲಿ ಒಡೆದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಹೊಲಿಗೆ ಬಿಟ್ಟ ಮೂಲೆಯಿಂದ ಸುರಿದದ್ದು ಎರಡು ಬೊಗಸೆಯಷ್ಟೇ. ಅದು ಸೀಟು ಸರಿಯುವ ಹಳಿಗಳೊಳಗೆ, ನೆಲಹಾಸಿನ ನೂಲಿನೊಳಗೆ, ಸೀಟ್ ಬೆಲ್ಟಿನ ಕೊಂಡಿ ಇಳಿಯುವ ಸಂದಿಯೊಳಗೆ ಸೇರಿಕೊಂಡಿತು. ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎರಡು ಸಲ ಎಳೆದರೂ ವಾಸನೆ ಹೋಗಲಿಲ್ಲ. ಮೂರು ವಾರ ಕಿಟಕಿ ಇಳಿಸಿಕೊಂಡೇ ಓಡಾಡಿದೆವು. ಕೆಲವು ವರ್ಷಗಳ ನಂತರ ಮನೆಗೆ ಪಿಕಪ್ ಬಂತು. ಅದರ ಹಿಂಭಾಗದ ತೆರೆದ ತೊಟ್ಟಿಯಲ್ಲಿ ಅಂಥದೇ ಚೀಲ ಒಡೆದಾಗ ಪೈಪ್ ಹಿಡಿದು ನೀರು ಬಿಟ್ಟೆ. ಹತ್ತು ನಿಮಿಷದಲ್ಲಿ ತೊಟ್ಟಿ ಮೊದಲಿನಂತಾಯಿತು. ಅದೇ ತೊಟ್ಟಿಯಲ್ಲಿ ಎದೆಯೆತ್ತರದ ದಾಸವಾಳದ ಗಿಡವೊಂದನ್ನು ನಿಲ್ಲಿಸಿಕೊಂಡು ಹೆದ್ದಾರಿಯಲ್ಲಿ ಒಂದು ಗಂಟೆ ಬಂದೆ. ಮನೆ ತಲುಪುವಷ್ಟರಲ್ಲಿ ಗಾಳಿ ಎಲೆಗಳನ್ನೆಲ್ಲ ಸೀಳಿ ಹಾಕಿತ್ತು. ಎಸ್‌ಯುವಿಯಲ್ಲಿ ಓರೆಯಾಗಿ ಮಲಗಿಸಿ ತಂದಿದ್ದರೆ ಒಂದು ಮೊಗ್ಗೂ ಉದುರುತ್ತಿರಲಿಲ್ಲ.

ಈ ಎರಡು ವಾಹನಗಳ ನಡುವಿನ ವ್ಯತ್ಯಾಸದ ಮೂಲ ಒಂದು ಗೋಡೆ. ಪಿಕಪ್ಪಿನಲ್ಲಿ ಜನರಿಗೂ ಸಾಮಾನಿಗೂ ನಡುವೆ ಗಟ್ಟಿಯಾದ ಗೋಡೆ ಇದೆ, ಎಸ್‌ಯುವಿಯಲ್ಲಿ ಇಲ್ಲ. ಗೋಡೆ ಇರುವುದರಿಂದ ಕೊಳೆ, ವಾಸನೆ, ಪೆಟ್ರೋಲ್ ಕ್ಯಾನು, ಒದ್ದೆ ಸೌದೆ ಇವೆಲ್ಲ ಹೊರಗೇ ಉಳಿಯುತ್ತವೆ. ಅದೇ ಗೋಡೆಯಿಂದಾಗಿ ಹಿಂದಿನ ಸೀಟಿನ ಬೆನ್ನು ನೆಟ್ಟಗೆ ನಿಲ್ಲುತ್ತದೆ, ಸಾಮಾನು ಮಳೆಗೂ ಕಳ್ಳರಿಗೂ ಸಿಗುತ್ತದೆ, ಜನರಿಲ್ಲದ ದಿನ ಅವರ ಜಾಗ ಸಾಮಾನಿಗೆ ಒದಗುವುದಿಲ್ಲ. ಬಣ್ಣ, ಪರದೆಯ ಗಾತ್ರ, ದೀಪದ ಆಕಾರ ಇವನ್ನೆಲ್ಲ ಆಮೇಲೆ ನೋಡಬಹುದು. ನಿಮ್ಮ ಮನೆಗೆ ಆ ಗೋಡೆ ಬೇಕೇ ಬೇಡವೇ ಎಂಬುದನ್ನು ಮೊದಲು ತೀರ್ಮಾನಿಸಿ. ಅದಕ್ಕೆ ನಾನು ಅನುಸರಿಸಿದ, ಕೇಳಿದವರಿಗೆಲ್ಲ ಹೇಳುತ್ತಾ ಬಂದಿರುವ ಕ್ರಮ ಇಲ್ಲಿದೆ.

ಈ ಪ್ರಶ್ನೆ ಹೊಸದೇನೂ ಅಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ರೈತ ಕುಟುಂಬದ ಮಹಿಳೆಯೊಬ್ಬರು ಫೋರ್ಡ್ ಕಂಪನಿಗೆ ಪತ್ರ ಬರೆದು, ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಒದಗುವ ಒಂದೇ ಗಾಡಿ ಬೇಕೆಂದು ಕೇಳಿದರು ಎನ್ನುತ್ತಾರೆ. ಅಲ್ಲಿನ ವಿನ್ಯಾಸಕಾರ ಲೂ ಬ್ಯಾಂಟ್ ರೂಪಿಸಿದ ಗಾಡಿ 1934ರಲ್ಲಿ ಹೊರಬಂತು. ಆ ಬಗೆಯ ವಾಹನವನ್ನು ಅಲ್ಲಿನವರು ಈಗಲೂ ‘ಯೂಟ್’ ಎನ್ನುತ್ತಾರೆ. ಆ ಗಾಡಿಗೆ ಇದ್ದದ್ದು ಒಂದೇ ಸಾಲಿನ ಸೀಟು. ಇಂದಿನ ಸಣ್ಣ ಪಿಕಪ್ಪಿಗೆ ಎರಡನೆಯ ಸಾಲು ಬಂದಿದೆ. ಅದರಿಂದಲೇ ಅದು ಎಸ್‌ಯುವಿಯ ಎದುರು ನಿಂತು ಕುಟುಂಬಗಳನ್ನು ಗೊಂದಲಕ್ಕೆ ಕೆಡವುತ್ತಿದೆ.

ಹೆಜ್ಜೆ 1: ನಾಲ್ಕು ವಾರ ಬರೆದಿಡಿ

ಒಂದು ಚಿಕ್ಕ ಪುಸ್ತಕವನ್ನು ಈಗಿರುವ ಗಾಡಿಯಲ್ಲಿಡಿ. ಪ್ರತಿ ಓಡಾಟಕ್ಕೂ ಒಂದು ಸಾಲು ಬರೆಯಿರಿ: ಎಷ್ಟು ಜನ, ಏನು ಸಾಮಾನು, ಎಷ್ಟು ದೂರ. ಸಾಮಾನಿನ ಮುಂದೆ ಅದರ ಗುಣವನ್ನೂ ಬರೆಯಿರಿ. ಅದು ಕೊಳಕೋ, ಒದ್ದೆಯೋ, ನಾರುತ್ತದೋ, ಉದ್ದವೋ, ಎತ್ತರವೋ, ಬಿಟ್ಟು ಹೋದರೆ ಕಳುವಾಗುವಂಥದೋ.

ತಿಂಗಳ ಕೊನೆಗೆ ಎರಡು ಬಣ್ಣದ ಪೆನ್ನು ತೆಗೆದುಕೊಳ್ಳಿ. ಗೋಡೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿದ ಸಾಲುಗಳಿಗೆ ಒಂದು ಬಣ್ಣ, ಗೋಡೆ ಇದ್ದಿದ್ದರೆ ತೊಂದರೆಯಾಗುತ್ತಿತ್ತು ಎನ್ನಿಸಿದ ಸಾಲುಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಮೊದಲ ಬಣ್ಣ ವಾರಕ್ಕೊಮ್ಮೆಯಾದರೂ ಕಾಣಿಸಿಕೊಂಡರೆ ಪಿಕಪ್ಪನ್ನು ಗಂಭೀರವಾಗಿ ನೋಡಿ. ತಿಂಗಳಿಗೆ ಒಂದೇ ಸಲ ಬಂದಿದ್ದರೆ ಆ ಒಂದು ದಿನಕ್ಕೆ ಬಾಡಿಗೆ ಗಾಡಿ ಸಾಕು.

ಹೆಚ್ಚಿನವರು ಎಡವುವುದು ಇಲ್ಲೇ. ವರ್ಷಕ್ಕೊಮ್ಮೆ ಮನೆ ಬದಲಿಸಿದ ದಿನ, ಮಂಚ ಸಾಗಿಸಿದ ದಿನ ಮನಸ್ಸಿನಲ್ಲಿ ದೊಡ್ಡದಾಗಿ ಉಳಿಯುತ್ತದೆ. ಮಗುವನ್ನು ಶಾಲೆಗೆ ಬಿಟ್ಟ ಇನ್ನೂರು ಬೆಳಗುಗಳು ನೆನಪಿಗೇ ಬರುವುದಿಲ್ಲ. ಪುಸ್ತಕಕ್ಕೆ ಇನ್ನೂರೂ ನೆನಪಿರುತ್ತವೆ. ದಯವಿಟ್ಟು ಈ ಹೆಜ್ಜೆಯನ್ನು ಬಿಡಬೇಡಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ.

ಹೆಜ್ಜೆ 2: ತಲೆ ಎಣಿಸಿ

ಸಣ್ಣ ಪಿಕಪ್ಪಿನಲ್ಲಿ ಐದು ಸೀಟುಗಳಿಗಿಂತ ಹೆಚ್ಚು ಇರುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಆರು ಅಥವಾ ಏಳು ಜನರ ಓಡಾಟ ಮತ್ತೆ ಮತ್ತೆ ಬಂದಿದ್ದರೆ ಮೂರು ಸಾಲಿನ ಎಸ್‌ಯುವಿ ನೋಡಲು ಹೋಗಿ. ಹೆಚ್ಚಾದವರನ್ನು ತೊಟ್ಟಿಯಲ್ಲಿ ಕೂರಿಸಬಹುದು ಎಂಬ ಯೋಚನೆ ಕ್ಷಣಕ್ಕೂ ಬೇಡ. ಅಲ್ಲಿ ಬೆಲ್ಟಿಲ್ಲ, ಮೇಲೆ ಚಾವಣಿಯಿಲ್ಲ. ಒಂದು ಜೋರು ಬ್ರೇಕಿಗೆ, ಒಂದು ತಿರುವಿಗೆ ಮನುಷ್ಯ ಹೊರಗೆ ಬೀಳುತ್ತಾನೆ. ಹತ್ತಿರದ ದಾರಿ, ನಿಧಾನದ ವೇಗ ಎಂಬ ಸಬೂಬು ಯಾರ ಪ್ರಾಣವನ್ನೂ ಉಳಿಸಿಲ್ಲ. ನಾಯಿಯ ವಿಷಯದಲ್ಲೂ ನನ್ನ ಮಾತು ಇದೇ.

ಹೆಜ್ಜೆ 3: ತಳದಲ್ಲಿ ಏನಿದೆ ಎಂದು ತಿಳಿಯಿರಿ

ಪಿಕಪ್ ಎಂದರೆ ಲಾರಿಯ ತಮ್ಮ ಎಂದು ಭಾವಿಸುವ ಕಾಲ ಹೋಯಿತು. ಟೊಯೋಟಾ ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್‌ನಂಥವು ಇಂದಿಗೂ ಏಣಿಯಾಕಾರದ ಉಕ್ಕಿನ ಚಾಸಿಯ, ಅಂದರೆ ಅಡಿಗಟ್ಟಿನ, ಮೇಲೆ ಕುಳಿತವು. ಒಂದು ಟನ್‌ನಷ್ಟು ಭಾರವನ್ನು ಗುರಿಯಾಗಿಟ್ಟು ಅವನ್ನು ಕಟ್ಟಿರುತ್ತಾರೆ. ಅಂಥ ಗಾಡಿಗಳ ಹಿಂದುಗಡೆ ಸಾಮಾನ್ಯವಾಗಿ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಭಾರ ಹೇರಿದಾಗ ಅದು ಸಮಾಧಾನದಿಂದ ಹೋಗುತ್ತದೆ. ಖಾಲಿ ಇದ್ದಾಗ ಪ್ರತಿ ಉಬ್ಬಿಗೂ ಹಿಂಭಾಗ ಪುಟಿಯುತ್ತದೆ, ಹಿಂದೆ ಕುಳಿತ ಮಕ್ಕಳಿಗೆ ವಾಂತಿ ಬರುವಷ್ಟು.

ಫೋರ್ಡ್ ಮ್ಯಾವರಿಕ್, ಹ್ಯುಂಡೈ ಸಾಂಟಾ ಕ್ರೂಸ್‌ನಂಥ ಸಣ್ಣ ಪಿಕಪ್ಪುಗಳ ಜಾತಿಯೇ ಬೇರೆ. ಅವುಗಳ ಮೈ ಮತ್ತು ಚಾಸಿ ಒಂದೇ ತುಂಡು, ಕಾರಿನಂತೆ. ಮ್ಯಾವರಿಕ್‌ನ ತಳಹದಿ ಅದೇ ಕಂಪನಿಯ ಎಸ್ಕೇಪ್ ಎಸ್‌ಯುವಿಯದು, ಸಾಂಟಾ ಕ್ರೂಸ್ ಟೂಸಾನ್ ಎಸ್‌ಯುವಿಯ ಒಡಹುಟ್ಟು. ಕೂತಾಗ, ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ಇವುಗಳ ನಡೆ ಎಸ್‌ಯುವಿಗೆ ಹತ್ತಿರ. ಟೊಯೋಟಾ ರಾವ್4 1994ರಲ್ಲಿ ಕಾರಿನ ತಳದ ಮೇಲೆ ಎತ್ತರದ ಮೈ ಕೂರಿಸಿ ಇಂದಿನ ಕುಟುಂಬ ಎಸ್‌ಯುವಿಗೆ ದಾರಿ ಮಾಡಿತು. ಸಣ್ಣ ಪಿಕಪ್ಪು ಅದೇ ದಾರಿಯಲ್ಲಿ ತಡವಾಗಿ ಬಂದಿದೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಇದು: ನಾನು ನೋಡುತ್ತಿರುವ ಪಿಕಪ್ ಈ ಎರಡರಲ್ಲಿ ಯಾವ ಜಾತಿಯದು? ಏಣಿ ಚಾಸಿಯದ್ದಾದರೆ ದುಡಿಮೆಯ ಗಾಡಿ ಎಂದೇ ತಿಳಿದು ಕೊಳ್ಳಿ. ಕುಟುಂಬಕ್ಕೂ ದುಡಿಮೆಗೂ ಒಂದೇ ಗಾಡಿ ಎನ್ನುವವರಿಗೆ ನಾನು ಎರಡನೆಯ ಜಾತಿಯನ್ನೇ ಹೇಳುತ್ತೇನೆ.

ಹೆಜ್ಜೆ 4: ಭಾರದ ಲೆಕ್ಕ, ಕಾಗದದ ಮೇಲೆ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿಯೋ ಲೋಹದ ಫಲಕವೋ ಕಾಣಿಸುತ್ತದೆ. ಗಾಡಿ ತನ್ನ ಮೈತೂಕವನ್ನೂ ಸೇರಿಸಿ ಒಟ್ಟು ಎಷ್ಟು ತೂಗಬಹುದು ಎಂಬ ಮಿತಿ ಅಲ್ಲಿರುತ್ತದೆ, ಇಲ್ಲವೇ ಕೈಪಿಡಿಯಲ್ಲಿರುತ್ತದೆ. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಹೇರಬಹುದಾದ ಭಾರ. ಕೆಲವೆಡೆ ಈ ಉತ್ತರವನ್ನೇ ನೇರವಾಗಿ ಅಚ್ಚು ಹಾಕಿರುತ್ತಾರೆ. ಆ ಭಾರದಲ್ಲಿ ಜನರೂ ಸೇರಿದ್ದಾರೆ ಎಂಬುದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಒಳಗೆ ಕೂತವರು, ಮಕ್ಕಳ ಸೀಟು, ಆಮೇಲೆ ಹಾಕಿಸಿದ ಮುಚ್ಚಳ, ಟ್ರೇಲರ್ ಕೊಂಡಿಯ ಮೇಲೆ ಹಾಕುವ ಒತ್ತು ಎಲ್ಲವೂ ಅದೇ ಲೆಕ್ಕಕ್ಕೆ ಬರುತ್ತವೆ.

ಮ್ಯಾವರಿಕ್‌ಗೆ ಹೇರಬಹುದಾದ ಗರಿಷ್ಠ ಭಾರ ಸುಮಾರು 680 ಕಿಲೋ. ತಲಾ 75 ಕಿಲೋದ ಐವರು ದೊಡ್ಡವರು ಕೂತರೆ 375 ಹೋಯಿತು, ತೊಟ್ಟಿಗೆ ಉಳಿದದ್ದು 305. ಚಾಲಕ ಒಬ್ಬನೇ ಇದ್ದರೆ 605. ಈಗ ಆ ತೊಟ್ಟಿಗೆ ಮರಳು ತುಂಬಿಸಿ ನೋಡೋಣ. ತೊಟ್ಟಿಯ ಒಳಗಾತ್ರ ಸುಮಾರು 0.94 ಘನ ಮೀಟರ್. ಒಣ ಮರಳು ಘನ ಮೀಟರಿಗೆ ಸುಮಾರು 1600 ಕಿಲೋ ತೂಗುತ್ತದೆ. ಅಂಚಿನವರೆಗೆ ತುಂಬಿದರೆ 1500 ಕಿಲೋ, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. 605 ಕಿಲೋ ಮರಳು ತೊಟ್ಟಿಯಲ್ಲಿ ಒಂದು ಗೇಣಿಗಿಂತ ಎತ್ತರ ಬರುವುದಿಲ್ಲ. ಒದ್ದೆ ಮರಳಾದರೆ ಅಷ್ಟೂ ಇಲ್ಲ. ತೊಟ್ಟಿ ಅರ್ಧಕ್ಕಿಂತ ಹೆಚ್ಚು ಖಾಲಿ ಕಾಣುವಾಗಲೇ ಕೈ ನಿಲ್ಲಿಸಬೇಕು. ಅದು ಕಷ್ಟ, ನನಗೂ ಕಷ್ಟವಾಗಿದೆ. ಒಣ ಎಲೆ, ಹುಲ್ಲು, ಥರ್ಮೋಕೋಲ್, ಖಾಲಿ ಪೆಟ್ಟಿಗೆಗಳಾದರೆ ತೊಟ್ಟಿ ತುಂಬಿ ತುಳುಕಿದರೂ ಮಿತಿಯೊಳಗೇ ಇರುತ್ತೀರಿ. ಅಂದರೆ ಸಣ್ಣ ಪಿಕಪ್ಪಿನ ನಿಜವಾದ ಬಲ ಕೊಳಕಾದ, ಎತ್ತರವಾದ, ಆಕಾರವಿಲ್ಲದ ಸಾಮಾನನ್ನು ಹೊರುವುದರಲ್ಲಿದೆ. ಅತಿ ಭಾರ ಹೊರುವ ಗಾಡಿ ಅದಲ್ಲ.

ಎಸ್‌ಯುವಿಯ ಲೆಕ್ಕವನ್ನೂ ಇಷ್ಟೇ ಕಟ್ಟುನಿಟ್ಟಾಗಿ ಮಾಡಿ. ಮಧ್ಯಮ ಗಾತ್ರದ ಹಲವು ಎಸ್‌ಯುವಿಗಳ ಮಿತಿ 500 ಕಿಲೋದ ಆಸುಪಾಸು. ಐವರು ದೊಡ್ಡವರ 375 ಕಳೆದರೆ ಉಳಿಯುವುದು 125. ಒಬ್ಬೊಬ್ಬರಿಗೂ 20 ಕಿಲೋದ ಒಂದು ಸೂಟ್‌ಕೇಸ್ ಎಂದರೆ 100 ಮುಗಿಯಿತು. ಇನ್ನು ಮೇಲ್ಛಾವಣಿಯ ಮೇಲೆ ಪೆಟ್ಟಿಗೆ ಕಟ್ಟಲು ಉಳಿದದ್ದು 25 ಕಿಲೋ, ಖಾಲಿ ಪೆಟ್ಟಿಗೆಯ ತೂಕವನ್ನೂ ಅದರಲ್ಲೇ ಹಿಡಿಯಬೇಕು. ಛಾವಣಿಗೆ ಪ್ರತ್ಯೇಕ ಮಿತಿಯೂ ಇರುತ್ತದೆ, ಕೈಪಿಡಿಯಲ್ಲಿ ನೋಡಿ. ತುಂಬು ಕುಟುಂಬ ರಜೆಗೆ ಹೊರಟ ಎಸ್‌ಯುವಿ ಎಷ್ಟೋ ಸಲ ತನ್ನ ಮಿತಿಯ ಅಂಚಿನಲ್ಲೇ ಓಡುತ್ತಿರುತ್ತದೆ.

ಹೆಜ್ಜೆ 5: ಅಳತೆ ಟೇಪು ಒಯ್ಯಿರಿ

ಷೋರೂಮಿಗೆ ಟೇಪು ತೆಗೆದುಕೊಂಡು ಹೋಗಲು ಸಂಕೋಚ ಬೇಡ. ಪಿಕಪ್ಪಿನಲ್ಲಿ ಅಳೆಯಬೇಕಾದವು: ತೊಟ್ಟಿಯ ನೆಲದ ಉದ್ದ, ಚಕ್ರದ ಉಬ್ಬುಗಳ ನಡುವಿನ ಅಗಲ, ಹಿಂಬಾಗಿಲು ಇಳಿಸಿದಾಗ ಸಿಗುವ ಒಟ್ಟು ಉದ್ದ, ನೆಲದಿಂದ ತೊಟ್ಟಿಯ ಎತ್ತರ. ಮ್ಯಾವರಿಕ್‌ನ ತೊಟ್ಟಿ ಸುಮಾರು 137 ಸೆಂಟಿಮೀಟರ್ ಉದ್ದ, ಹಿಂಬಾಗಿಲು ಇಳಿಸಿದರೆ ಸುಮಾರು 180. ಸಾಂಟಾ ಕ್ರೂಸ್‌ನದು ಇನ್ನೂ ಸ್ವಲ್ಪ ಚಿಕ್ಕದು. ಇದನ್ನು ಕೇಳಿ ಅಚ್ಚರಿಯಾಗಬಹುದು: ಹಿಂದಿನ ಸೀಟು ಮಡಚಿದ ಎಸ್‌ಯುವಿಯ ನೆಲ ಎಷ್ಟೋ ಸಲ ಹಿಂಬಾಗಿಲು ಮುಚ್ಚಿದ ತೊಟ್ಟಿಗಿಂತ ಉದ್ದ. ಗೋಡೆ ಇಲ್ಲದ್ದರ ಲಾಭ ಅದು. ಸುತ್ತಿದ ಕಂಬಳಿ, ಕಳಚಿದ ಮಂಚದ ಹಲಗೆಗಳು ಮುಂದಿನ ಸೀಟುಗಳ ನಡುವೆ ತೂರಿ ಬರುತ್ತವೆ, ಬಾಗಿಲೂ ಮುಚ್ಚುತ್ತದೆ.

ಎತ್ತರ ಮತ್ತು ಅಗಲ ಬಂದಾಗ ಆಟ ತಿರುಗುತ್ತದೆ. 1.22 ಮೀಟರ್ ಅಗಲ, 2.44 ಮೀಟರ್ ಉದ್ದದ ಪ್ಲೈವುಡ್ ಹಾಳೆ ಹೆಚ್ಚಿನ ಮಧ್ಯಮ ಎಸ್‌ಯುವಿಗಳ ಹಿಂಬಾಗಿಲಲ್ಲಿ ಮಟ್ಟವಾಗಿ ಒಳಗೆ ಹೋಗುವುದೇ ಇಲ್ಲ. ಮ್ಯಾವರಿಕ್‌ನಲ್ಲಿ ಹಿಂಬಾಗಿಲನ್ನು ಅರ್ಧಕ್ಕೆ ನಿಲ್ಲಿಸಿ, ಚಕ್ರದ ಉಬ್ಬುಗಳ ಮೇಲೆ ಅದನ್ನು ಮಟ್ಟವಾಗಿ ಹರಡಬಹುದು. ರೆಫ್ರಿಜರೇಟರನ್ನು ನಿಲ್ಲಿಸಿಕೊಂಡೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ನಿಲ್ಲಿಸಲು ಆಕಾಶವೇ ಛಾವಣಿಯಾದ ತೊಟ್ಟಿ ಬೇಕು.

ಈ ಗೋಡೆಯನ್ನೇ ಮಡಚುವಂತೆ ಮಾಡಿದವರೂ ಇದ್ದಾರೆ. 2001ರಲ್ಲಿ ಬಂದ ಷೆವ್ರೊಲೆ ಅವಲಾಂಚ್‌ನಲ್ಲಿ ಹಿಂದಿನ ಸೀಟನ್ನೂ ಅದರ ಬೆನ್ನಿಗಿದ್ದ ಗೋಡೆಯನ್ನೂ ಮುಂದಕ್ಕೆ ಮಡಚಿದರೆ ತೊಟ್ಟಿ ಕ್ಯಾಬಿನ್‌ನೊಳಕ್ಕೆ ಚಾಚಿಕೊಳ್ಳುತ್ತಿತ್ತು. ನನಗೆ ಬಹಳ ಇಷ್ಟವಾದ ಕಲ್ಪನೆ. ಅದು ದೊಡ್ಡ ಗಾಡಿಯಲ್ಲಿ ಬಂತು. ಮ್ಯಾವರಿಕ್, ಸಾಂಟಾ ಕ್ರೂಸ್‌ಗಳಿಗೆ ಆ ಅನುಕೂಲ ಇಲ್ಲ.

ಹೆಜ್ಜೆ 6: ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿ

ಎಲ್ಲರೂ ಚಾಲಕನ ಸೀಟಿನಲ್ಲಿ ಕೂತು ನಿರ್ಧರಿಸುತ್ತಾರೆ. ನೀವು ಹಿಂದೆ ಕೂರಿ, ಮನೆಯ ಹಿರಿಯರನ್ನೂ ಕೂರಿಸಿ. ಪಿಕಪ್ಪಿನ ಹಿಂದಿನ ಸೀಟು ಗೋಡೆಗೆ ಅಂಟಿಕೊಂಡಿರುವುದರಿಂದ ಬೆನ್ನು ನೆಟ್ಟಗಿರುತ್ತದೆ ಮತ್ತು ಸಾಮಾನ್ಯವಾಗಿ ಹಿಂದಕ್ಕೆ ವಾಲುವುದಿಲ್ಲ. ಹತ್ತು ನಿಮಿಷಕ್ಕೆ ಇದು ಗೊತ್ತಾಗುವುದಿಲ್ಲ. ಅರ್ಧ ಗಂಟೆಗೆ ಸೊಂಟ ಹೇಳುತ್ತದೆ, ಮೂರು ಗಂಟೆಯ ಪ್ರಯಾಣದಲ್ಲಿ ಅಜ್ಜಿಯ ಮುಖ ಹೇಳುತ್ತದೆ. ಹಲವು ಎಸ್‌ಯುವಿಗಳಲ್ಲಿ ಹಿಂದಿನ ಸೀಟಿನ ಬೆನ್ನು ಒಂದಷ್ಟು ವಾಲುತ್ತದೆ, ಕೆಲವುಗಳಲ್ಲಿ ಸೀಟೇ ಹಿಂದೆ ಮುಂದೆ ಸರಿಯುತ್ತದೆ. ಈ ಒಂದು ವಿಷಯದಲ್ಲಿ ಎಸ್‌ಯುವಿಗೆ ಸಾಟಿಯಿಲ್ಲ.

ಮಗುವಿನ ಸೀಟು ಇದ್ದರೆ ಅದನ್ನೇ ಹೊತ್ತುಕೊಂಡು ಹೋಗಿ, ಅಲ್ಲೇ ಕೂರಿಸಿ ನೋಡಿ. ಶಿಶುವಿನ ಸೀಟು ಹಿಂದಕ್ಕೆ ಮುಖ ಮಾಡಿ ಕೂರುತ್ತದೆ, ಅದಕ್ಕೆ ಉದ್ದದ ಜಾಗ ಬೇಕು. ಅದನ್ನು ಕೂರಿಸಿದ ಮೇಲೆ ಅದರ ಮುಂದಿನ ಸೀಟಿನಲ್ಲಿ ದೊಡ್ಡವರೊಬ್ಬರು ಮೊಣಕಾಲು ತಾಗದೆ ಕೂರಬಲ್ಲರೇ? ಮಗುವಿನ ಸೀಟನ್ನು ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಬೆರಳಿಗೆ ಸುಲಭವಾಗಿ ಸಿಗುತ್ತವೆಯೇ? ಮುಂದಕ್ಕೆ ಮುಖ ಮಾಡುವ ಸೀಟಿಗೆ ಮೇಲಿನಿಂದ ಕಟ್ಟುವ ಪಟ್ಟಿಯೊಂದಿರುತ್ತದೆ. ಎಸ್‌ಯುವಿಯಲ್ಲಿ ಅದರ ಕೊಂಡಿ ಸೀಟಿನ ಬೆನ್ನಿಗೋ ಡಿಕ್ಕಿಯ ನೆಲಕ್ಕೋ ಇರುತ್ತದೆ, ಕೈ ಹಾಕಿದರೆ ಸಿಗುತ್ತದೆ. ಪಿಕಪ್ಪಿನಲ್ಲಿ ಸೀಟಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟೇ ಸಂದಿ. ಕೆಲವು ಗಾಡಿಗಳಲ್ಲಿ ಸೀಟಿನ ಬೆನ್ನನ್ನು ಬಗ್ಗಿಸಿ, ಬಟ್ಟೆಯ ಕುಣಿಕೆಯೊಳಗೆ ಪಟ್ಟಿಯನ್ನು ತೂರಿಸಿ, ಪಕ್ಕದ ಕೊಂಡಿಗೆ ಸಿಕ್ಕಿಸಬೇಕು. ಕೈಪಿಡಿ ತೆರೆದಿಟ್ಟು ನಿಧಾನವಾಗಿ ಮಾಡಿದರೆ ಸರಿಯಾಗಿ ಬರುತ್ತದೆ. ಅವಸರದಲ್ಲಿ ಮಾಡಿದರೆ ಪಟ್ಟಿ ಸಡಿಲವಾಗಿ ಉಳಿಯುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ. ವಾರಕ್ಕೆ ಎರಡು ಮೂರು ಸಲ ಮಕ್ಕಳ ಸೀಟನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಿಸುವ ಮನೆಗೆ ನಾನು ಪಿಕಪ್ ಬೇಡ ಎಂದೇ ಹೇಳುತ್ತೇನೆ.

ಗೋಡೆಯ ಪರವಾಗಿಯೂ ಇಲ್ಲೊಂದು ಮಾತಿದೆ. ಎಸ್‌ಯುವಿಯ ಹಿಂದೆ ಕಟ್ಟದೆ ಇಟ್ಟ ಸಾಮಾನು ಅಪಘಾತದಲ್ಲಿ ಮುಂದಕ್ಕೆ ಹಾರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಬಡಿದು ನಿಂತರೆ ಒಳಗಿನ ವಸ್ತು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ನುಗ್ಗುತ್ತದೆ. ಹಿಂದೆ ಇಟ್ಟ ಉಪಕರಣಗಳ ಪೆಟ್ಟಿಗೆ ಮಗುವಿನ ತಲೆಯ ಹಿಂದೆಯೇ ಇದೆ ಎಂಬುದನ್ನು ನೆನಪಿಡಿ. ಭಾರದ್ದನ್ನು ನೆಲಕ್ಕೆ, ಸೀಟಿನ ಬೆನ್ನಿಗೆ ಒತ್ತಿಸಿ ಇಟ್ಟು ಕೊಕ್ಕೆಗಳಿಗೆ ಬಿಗಿಯಿರಿ, ಸೀಟಿನ ಎತ್ತರ ಮೀರಿ ಪೇರಿಸಬೇಡಿ. ಪಿಕಪ್ಪಿನಲ್ಲಿ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬಿಗಿಯದ ಸಾಮಾನು ಹೊರಗೆ ಹಾರಿ ಹಿಂದೆ ಬರುವ ಬೈಕಿನವನಿಗೆ ಬಡಿಯಬಹುದು. ಎರಡರಲ್ಲೂ ಹಗ್ಗಕ್ಕೆ, ಪಟ್ಟಿಗೆ ಕೆಲಸ ಇದ್ದೇ ಇದೆ.

ಹೆಜ್ಜೆ 7: ಮಳೆ ಮತ್ತು ಬೀಗ

ಪಿಕಪ್ ಕೊಂಡವರೆಲ್ಲ ಮುಂದೆ ಒಂದಲ್ಲ ಒಂದು ದಿನ ತೊಟ್ಟಿಗೆ ಮುಚ್ಚಳ ಹಾಕಿಸುತ್ತಾರೆ. ಆ ಖರ್ಚನ್ನು ಗಾಡಿಯ ಬೆಲೆಗೆ ಈಗಲೇ ಸೇರಿಸಿಕೊಳ್ಳಿ. ಮೆತ್ತನೆಯ ಸುರುಳಿ ಮುಚ್ಚಳ ಅಗ್ಗ, ಧೂಳು ಮಳೆಯನ್ನು ಒಂದು ಮಟ್ಟಿಗೆ ತಡೆಯುತ್ತದೆ, ಚಾಕುವಿಗೆ ತಡೆಯಿಲ್ಲ. ಗಟ್ಟಿ ಮಡಿಕೆಯದ್ದಕ್ಕೆ ಬೀಗ ಬರುತ್ತದೆ. ಸಾಂಟಾ ಕ್ರೂಸ್‌ನಲ್ಲಿ ಬೀಗವಿರುವ ಸರಿಯುವ ಮುಚ್ಚಳವನ್ನು ಕಂಪನಿಯೇ ಕೊಡುತ್ತದೆ, ಹೋಂಡಾ ರಿಜ್‌ಲೈನ್‌ನಲ್ಲಿ ತೊಟ್ಟಿಯ ನೆಲದ ಕೆಳಗೆ ಬೀಗ ಹಾಕುವ ಪೆಟ್ಟಿಗೆಯೇ ಇದೆ. ಯಾವ ಮುಚ್ಚಳವಾದರೂ ಜೋರು ಮಳೆಯಲ್ಲಿ ಮೂಲೆಗಳಿಂದ ಒಂದಿಷ್ಟು ನೀರು ಬಿಡುತ್ತದೆ ಎಂದುಕೊಂಡೇ ಇರಿ. ಪುಸ್ತಕ, ಬಟ್ಟೆ, ಲ್ಯಾಪ್‌ಟಾಪ್ ಇರುವ ಚೀಲಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟೇ ತೊಟ್ಟಿಗೆ ಹಾಕಿ.

ತೊಟ್ಟಿಯ ಮೇಲೆ ಪೂರ್ತಿ ಕ್ಯಾನಪಿ, ಅಂದರೆ ಗೂಡಿನಂಥ ಗಟ್ಟಿ ಛಾವಣಿ, ಕೂರಿಸಿದರೆ ಮಳೆ, ಕಳ್ಳತನ ಎರಡೂ ಮುಗಿಯಿತು. ಆದರೆ ಎತ್ತರದ ಸಾಮಾನಿಗೆ ಆಕಾಶ ಹೋಯಿತು, ಹೇರುವ ಭಾರದಿಂದ ಕ್ಯಾನಪಿಯ ತೂಕವೂ ಹೋಯಿತು. ವರ್ಷವಿಡೀ ಕ್ಯಾನಪಿ ಬೇಕು ಎನ್ನಿಸಿದರೆ ನಿಮಗೆ ಬೇಕಿರುವುದು ಎಸ್‌ಯುವಿಯೇ ಇರಬೇಕು.

ಹೆಜ್ಜೆ 8: ಉದ್ದ, ಇಂಧನ, ಟ್ರೇಲರ್

ಒಂದೇ ತಳಹದಿಯ ಟೂಸಾನ್ ಸುಮಾರು 4.63 ಮೀಟರ್, ಸಾಂಟಾ ಕ್ರೂಸ್ 4.97 ಮೀಟರ್. ಮ್ಯಾವರಿಕ್ 5.07 ಮೀಟರ್. ‘ಸಣ್ಣ’ ಪಿಕಪ್ ಎಂಬ ಹೆಸರು ದೊಡ್ಡ ಪಿಕಪ್ಪುಗಳ ಪಕ್ಕದಲ್ಲಷ್ಟೇ ನಿಜ. ನೀವು ಗಾಡಿ ನಿಲ್ಲಿಸುವ ಜಾಗವನ್ನು ಅಳೆಯಿರಿ, ಅದರ ಮೇಲೆ ಹಿಂಬಾಗಿಲು ಇಳಿಸಿ ಸಾಮಾನು ಎತ್ತಲು ಇನ್ನೊಂದು ಮೀಟರ್ ಹಿಡಿಯಿರಿ.

ಇಂಧನದ ವಿಷಯದಲ್ಲಿ ಒಂದು ಹೋಲಿಕೆ ನನಗೆ ಬಹಳ ಕಲಿಸಿದೆ. 2022ರ ಮುಂಗಾಲಿ ಚಾಲನೆಯ ಹೈಬ್ರಿಡ್ ಮ್ಯಾವರಿಕ್ ಮತ್ತು ನಾಲ್ಕೂ ಚಕ್ರ ಚಾಲನೆಯ ಹೈಬ್ರಿಡ್ ರಾವ್4, ಎರಡಕ್ಕೂ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಅಂಕಿಗಳನ್ನು ಲೀಟರಿಗೆ ಬದಲಿಸಿದರೆ ನಗರದಲ್ಲಿ ಮ್ಯಾವರಿಕ್‌ಗೆ ಸುಮಾರು 17.9 ಕಿಲೋಮೀಟರ್, ರಾವ್4ಗೆ 17.4. ಹೆದ್ದಾರಿಯಲ್ಲಿ ಮ್ಯಾವರಿಕ್ 14ಕ್ಕೆ ಇಳಿದರೆ ರಾವ್4 16.2ರಲ್ಲಿ ನಿಲ್ಲುತ್ತದೆ. ನಗರದ ನಿಧಾನದಲ್ಲಿ ಗಾಳಿಯ ತಡೆ ಲೆಕ್ಕಕ್ಕೆ ಬರುವುದಿಲ್ಲ. ವೇಗ ಏರಿದಂತೆ ಗೋಡೆಯ ಹಿಂದೆ ಸುಳಿಯಾಗುವ ಗಾಳಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಹಿಂಬಾಗಿಲು ಇಳಿಸಿಕೊಂಡು ಓಡಿಸಿದರೆ ಗಾಳಿ ಸರಾಗ ಹೋಗಿ ಇಂಧನ ಉಳಿಯುತ್ತದೆ ಎಂಬ ನಂಬಿಕೆ ತಪ್ಪು. ಹಿಂಬಾಗಿಲು ಮುಚ್ಚಿದ ತೊಟ್ಟಿಯೊಳಗೆ ಸುತ್ತುವ ಗಾಳಿಯೇ ಮೇಲಿನ ಗಾಳಿಗೆ ದಾರಿ ಮಾಡಿಕೊಡುತ್ತದೆ. ನಿಮ್ಮ ನಾಲ್ಕು ವಾರದ ಪುಸ್ತಕದಲ್ಲಿ ಹೆದ್ದಾರಿಯ ದೂರ ಎಷ್ಟಿದೆ ಎಂದು ಕೂಡಿಸಿ ನೋಡಿ.

ಇನ್ನು ಟ್ರೇಲರ್. ತಿಂಗಳಿಗೆ ಒಂದೆರಡು ಸಲ ಮಾತ್ರ ಕೊಳಕು ಸಾಮಾನು ಬರುವ ಮನೆಗೆ ಎಸ್‌ಯುವಿ ಮತ್ತು ಪುಟ್ಟ ಟ್ರೇಲರ್ ಒಳ್ಳೆಯ ಜೋಡಿ. ಗೋಡೆ ಬೇಕಾದ ದಿನ ಕೊಂಡಿ ಸಿಕ್ಕಿಸಿ, ಬೇಡವಾದ ದಿನ ಬಿಚ್ಚಿಡಿ. ಟ್ರೇಲರಿನ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಭಾಗ ಕೊಂಡಿಯ ಮೇಲೆ ಒತ್ತುತ್ತದೆ, 1000 ಕಿಲೋದ ಟ್ರೇಲರಿಗೆ 100 ಕಿಲೋ. ಇದನ್ನೂ ಹೆಜ್ಜೆ 4ರ ಲೆಕ್ಕಕ್ಕೆ ಸೇರಿಸಬೇಕು. ಎಳೆಯುವ ಮಿತಿ ಒಂದೇ ಗಾಡಿಯಲ್ಲೂ ಬದಲಾಗುತ್ತದೆ: ಮ್ಯಾವರಿಕ್‌ನದು ಮಾಮೂಲಿಯಾಗಿ ಸುಮಾರು 900 ಕಿಲೋ, ಎಳೆಯುವ ಸಲಕರಣೆಯ ಪ್ಯಾಕೇಜ್ ಕೂಡಿದರೆ ಸುಮಾರು 1800. ಆದ್ದರಿಂದ ಮಾದರಿಯ ಹೆಸರನ್ನಷ್ಟೇ ಕೇಳದೆ, ನೀವು ಕೊಳ್ಳುವ ಗಾಡಿಯ ಮಿತಿ ಎಷ್ಟೆಂದು ಕೇಳಿ. ನೋಂದಣಿ, ತೆರಿಗೆ, ವಿಮೆಯನ್ನೂ ಈ ಹಂತದಲ್ಲೇ ವಿಚಾರಿಸಿ. ಪಿಕಪ್ಪನ್ನು ಸರಕು ವಾಹನವಾಗಿ ನೋಂದಾಯಿಸುವ ಕಡೆಗಳಲ್ಲಿ ನಿಯಮವೂ ವಿಮೆಯ ಕಂತೂ ಬೇರೆಯಾಗುತ್ತವೆ.

ಹೆಜ್ಜೆ 9: ಎರಡು ಸಲ ಓಡಿಸಿ

ಖಾಲಿ ಗಾಡಿಯನ್ನು ನುಣುಪು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಏನೂ ತಿಳಿಯುವುದಿಲ್ಲ. ಮೊದಲ ಸಲ ಒಬ್ಬರೇ, ಖಾಲಿ ಗಾಡಿಯಲ್ಲಿ, ಹದಗೆಟ್ಟ ರಸ್ತೆಗೆ ಹೋಗಿ. ಹಿಂದಿನ ಚಕ್ರಗಳು ಪುಟಿಯುತ್ತವೆಯೇ ಎಂದು ಗಮನಿಸಿ. ಎರಡನೆಯ ಸಲ ಮನೆಮಂದಿಯನ್ನೆಲ್ಲ ಕೂರಿಸಿ, ಅನುಮತಿ ಸಿಕ್ಕರೆ ಹಿಂದೆ ನೂರು ಕಿಲೋವನ್ನೂ ಇಟ್ಟು, ಏರು ದಾರಿ ಹತ್ತಿಸಿ. ಇಳಿಯುವಾಗ ಬ್ರೇಕು ಹೇಗಿದೆ, ಸ್ಟೀರಿಂಗ್ ಹಗುರವಾಯಿತೇ ನೋಡಿ. ಹಿಂದೆ ಹೆಚ್ಚು ಭಾರ ಬಿದ್ದರೆ ಮುಂದಿನ ಚಕ್ರಗಳ ಮೇಲಿನ ಒತ್ತು ಕಡಿಮೆಯಾಗುತ್ತದೆ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ನೋಡದೆ ಒಮ್ಮೆ, ನೋಡಿ ಒಮ್ಮೆ ತೆಗೆಯಿರಿ. ತೊಟ್ಟಿಯ ತುದಿ ಎಲ್ಲಿದೆ ಎಂದು ಕಣ್ಣಿಗೆ ಅಭ್ಯಾಸವಾಗಲು ದಿನ ಹಿಡಿಯುತ್ತದೆ.

ಇಷ್ಟು ಮಾಡಿದ ಮೇಲೂ ಎರಡು ಬಣ್ಣಗಳು ಸಮವಾಗಿದ್ದರೆ ನನ್ನ ಮತ ಹೀಗಿದೆ. ಹತ್ತು ವರ್ಷದೊಳಗಿನ ಮಕ್ಕಳಿರುವ, ಮೊಣಕಾಲು ನೋವಿನ ಹಿರಿಯರಿರುವ ಮನೆಗೆ ಎಸ್‌ಯುವಿ. ಮಕ್ಕಳು ದೊಡ್ಡವರಾಗಿ, ತೋಟವೋ ಮರಗೆಲಸವೋ ಕಟ್ಟಡದ ಕೆಲಸವೋ ವಾರದ ಭಾಗವಾಗಿರುವ ಮನೆಗೆ ಒಂದೇ ತುಂಡಿನ ಮೈಯ ಸಣ್ಣ ಪಿಕಪ್. ನಾನು ಎಸ್‌ಯುವಿಯಿಂದ ಪಿಕಪ್ಪಿಗೆ ಬಂದದ್ದು ಮಕ್ಕಳ ಸೀಟುಗಳು ಅಟ್ಟ ಸೇರಿದ ಮೇಲೆ. ಐದು ವರ್ಷ ಮೊದಲೇ ಬಂದಿದ್ದರೆ ಇಬ್ಬರು ಮಕ್ಕಳೊಂದಿಗೆ ಬಹಳ ಕಷ್ಟಪಡುತ್ತಿದ್ದೆವು.

ಗಾಡಿ ಮನೆಗೆ ಬಂದ ದಿನ ಮಾಡಬೇಕಾದ ಕೆಲಸ ಸ್ವಲ್ಪವೇ. ಬಾಗಿಲ ಕಂಬದ ಚೀಟಿಯಲ್ಲೋ ಕೈಪಿಡಿಯಲ್ಲೋ ಟೈರಿನ ಗಾಳಿಯ ಅಂಕಿ ಇರುತ್ತದೆ. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಬೇರೆ ಬೇರೆ ಅಂಕಿ ಕೊಟ್ಟಿದ್ದರೆ ಎರಡನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಇರುವ ನಾಲ್ಕು ಕಟ್ಟುಪಟ್ಟಿ, ಒಂದು ಟಾರ್ಪಾಲು, ಉದ್ದದ ಸಾಮಾನಿನ ತುದಿಗೆ ಕಟ್ಟಲು ಒಂದು ಕೆಂಪು ಬಟ್ಟೆ ಇವನ್ನು ಸೀಟಿನ ಕೆಳಗೆ ಇಟ್ಟುಬಿಡಿ. ಮೊದಲ ಸಲ ಭಾರ ಹೇರುವ ಮುನ್ನ ಗಾಳಿಯನ್ನು ತುಂಬಿದ ಗಾಡಿಯ ಅಂಕಿಗೆ ಏರಿಸಿ. ಹೊರಟು ಎರಡು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ, ಇಳಿದು, ಪಟ್ಟಿಗಳನ್ನು ಕೈಯಿಂದ ಎಳೆದು ನೋಡಿ; ಸಾಮಾನು ತನ್ನ ಜಾಗದಲ್ಲಿ ಕೂತು ಒಂದಾದರೂ ಸಡಿಲವಾಗಿರುತ್ತದೆ.